ಬಿಡಾರ ಹೂಡುವುದೇ ಪಾಠ

ಭಾಷೆ ಕಲಿಯಲೆಂದು ಪರದೇಶಕ್ಕೆ ಹೊರಟ ವಿದ್ಯಾರ್ಥಿ ತನ್ನ ಮುಂದಿರುವ ಕೆಲಸವನ್ನು ಸಾಮಾನ್ಯವಾಗಿ ಎರಡು ಪಾಲು ಮಾಡಿಕೊಂಡಿರುತ್ತಾನೆ. ಒಂದು ನೆಲೆ ನಿಲ್ಲುವ ಕೆಲಸ: ಬಾಡಿಗೆ ಮನೆ, ನೀರು, ಗ್ಯಾಸ್ ಸಿಲಿಂಡರು, ಫೋನಿನ ಸಿಮ್, ಓಡಾಟದ ದಾರಿ. ಇನ್ನೊಂದು ಕಲಿಯುವ ಕೆಲಸ: ತರಗತಿ, ಪುಸ್ತಕ, ಊರಿನವರ ಜೊತೆ ಮಾತಿನ ಅಭ್ಯಾಸ. ಮೊದಲನೆಯದು ಬರಿಯ ತಾಪತ್ರಯ, ಯಾರನ್ನಾದರೂ ಹಿಡಿದು ಇಂಗ್ಲಿಷಿನಲ್ಲೇ ಬೇಗ ಮುಗಿಸಿಬಿಡಬೇಕು, ಆಮೇಲೆ ನಿಶ್ಚಿಂತೆಯಾಗಿ ಎರಡನೆಯದಕ್ಕೆ ಕೂರಬೇಕು ಎಂಬುದು ಅವನ ಲೆಕ್ಕ. ಈಗೀಗ ಈ ಲೆಕ್ಕವನ್ನು ಸುಲಭ ಮಾಡಿಕೊಡುವ ಏಜೆಂಟರೂ ಇದ್ದಾರೆ. ವಿಮಾನ ನಿಲ್ದಾಣದಿಂದ ಕರೆದುಕೊಂಡು ಹೋಗಿ, ಸಾಮಾನು ಸಮೇತ ಸಜ್ಜಾದ ಕೋಣೆಯ ಬೀಗದ ಕೈ ಕೊಟ್ಟು, ಪಕ್ಕದ ಕೋಣೆಯಲ್ಲಿ ಇಂಗ್ಲಿಷ್ ಬಲ್ಲ ಇನ್ನೊಬ್ಬ ವಿದ್ಯಾರ್ಥಿಯನ್ನೂ ಇಟ್ಟಿರುತ್ತಾರೆ. ಈ ಲೆಕ್ಕ ತಲೆಕೆಳಗು ಎಂಬುದೇ ನನ್ನ ಇವತ್ತಿನ ಮಾತು. ಎಲ್ಲ ಭಾಷೆಗೂ ಇದು ಸಲ್ಲುತ್ತದೋ ಇಲ್ಲವೋ, ಅರಬ್ಬಿಗಂತೂ ಸಲ್ಲುತ್ತದೆ. ಅರಬ್ಬಿ ಕಲಿಯಲು ಹೋದವನಿಗೆ ಅಲ್ಲಿ ಬಿಡಾರ ಹೂಡುವ ಕೆಲಸವೇ ಪಾಠದ ಮುಖ್ಯ ಭಾಗ. ಅದನ್ನು ಬೇರೆಯವರಿಗೆ ವಹಿಸಿದವನು ಪಾಠವನ್ನೇ ಬೇರೆಯವರಿಗೆ ವಹಿಸಿದ ಹಾಗೆ.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ಊರನ್ನು ಹಿಡಿದುಕೊಳ್ಳೋಣ: ಜೋರ್ಡಾನ್ ದೇಶದ ರಾಜಧಾನಿ ಅಮ್ಮಾನ್. ಅರಬ್ಬಿ ಕಲಿಯುವ ಪರದೇಶಿಯರಿಗೆ ಬಹುಕಾಲ ಕೈರೋ ಮತ್ತು ಡಮಾಸ್ಕಸ್ ನೆಚ್ಚಿನ ಊರುಗಳಾಗಿದ್ದವು. 2011ರಲ್ಲಿ ಸಿರಿಯಾ ಅಂತರ್ಯುದ್ಧಕ್ಕೆ ಬಿದ್ದ ಮೇಲೆ ಡಮಾಸ್ಕಸ್ಸಿನ ದಾರಿ ಮುಚ್ಚಿತು, ಈಜಿಪ್ಟಿನ ರಾಜಕೀಯವೂ ಏರುಪೇರಾಯಿತು. ಅಲ್ಲಿಗೆ ಹೋಗುತ್ತಿದ್ದವರಲ್ಲಿ ಅನೇಕರು ಅಮ್ಮಾನಿನ ಕಡೆ ತಿರುಗಿದರು. 1962ರಲ್ಲಿ ಶುರುವಾದ ಜೋರ್ಡಾನ್ ವಿಶ್ವವಿದ್ಯಾನಿಲಯದ ಭಾಷಾ ಕೇಂದ್ರವಿದೆ, ಖಾಸಗಿ ಸಂಸ್ಥೆಗಳಿವೆ. ಗುಡ್ಡಗಳ ಮೇಲೆ ಹರಡಿದ ಊರು, ತಿಳಿ ಬಣ್ಣದ ಕಲ್ಲಿನ ಕಟ್ಟಡಗಳು, ಒಂದನೆಯದರಿಂದ ಎಂಟನೆಯದರವರೆಗೆ ಸಾಲಾಗಿ ಎಣಿಸುವ ವೃತ್ತಗಳು. ವಿಳಾಸ ಹೇಳಲು ಜನ ಬೀದಿಯ ಹೆಸರಿಗಿಂತ ಈ ವೃತ್ತಗಳನ್ನೋ, ಒಂದು ಮಸೀದಿಯನ್ನೋ, ಆಸ್ಪತ್ರೆಯನ್ನೋ ಹೇಳುವುದು ಹೆಚ್ಚು. ಹೊಸಬನಿಗೆ ಮೊದಲ ದಿನವೇ ದಾರಿ ಕೇಳದೆ ಗತ್ಯಂತರವಿಲ್ಲ. ಭಾಷೆ ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಊರಿನ ಏರ್ಪಾಡು ಬೇಕೆ?

ಈಗ ಲೆಕ್ಕಕ್ಕೆ ಬರೋಣ. ತನ್ನ ರಾಯಭಾರಿಗಳಿಗೆ ಭಾಷೆ ಕಲಿಸುವ ಅಮೆರಿಕ ಸರ್ಕಾರದ ಸಂಸ್ಥೆ, ಇಂಗ್ಲಿಷ್ ಮಾತಾಡುವವರಿಗೆ ಯಾವ ಭಾಷೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಒಂದು ಅಂದಾಜು ಇಟ್ಟುಕೊಂಡಿದೆ. ಅದರ ಪ್ರಕಾರ ಅರಬ್ಬಿಗೆ 2200 ತರಗತಿ ಗಂಟೆ, ಅಂದರೆ 88 ವಾರ. ಚೀನೀ, ಜಪಾನಿ, ಕೊರಿಯನ್ ಭಾಷೆಗಳ ಸಾಲಿನಲ್ಲಿ ಅದನ್ನು ಕೂರಿಸಿದ್ದಾರೆ. ಜಿಲ್ಲೆ, ಅರ್ಜಿ, ವಕೀಲ, ತಕರಾರು ಎಂಬ ಅರಬ್ಬಿ ಮೂಲದ ಮಾತುಗಳನ್ನು ದಿನವೂ ಆಡುವ ನಮಗೆ ಇದು ಕೊಂಚ ಕಡಿಮೆಯಾದೀತು ಎಂದು ಬೇಕಾದರೆ ಸಮಾಧಾನ ಮಾಡಿಕೊಳ್ಳಬಹುದು, ಹೆಚ್ಚೇನೂ ಅಲ್ಲ. ವಾರಕ್ಕೆ 20 ಗಂಟೆಯಂತೆ 15 ವಾರ ತರಗತಿಗೆ ಹೋದರೂ ಕೈಗೆ ಸಿಗುವುದು 300 ಗಂಟೆ. ಉಳಿದದ್ದು ಎಲ್ಲಿಂದ ಬರಬೇಕು? ಊರಿನಿಂದ, ಬೀದಿಯಿಂದ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಊರಿನಲ್ಲಿ ಇದ್ದ ಮಾತ್ರಕ್ಕೆ ಊರಿನ ಭಾಷೆ ಮೈಗೆ ಅಂಟುವುದಿಲ್ಲ. ಕೈರೋದಲ್ಲಿ ಅರಬ್ಬಿ ಕಲಿಯುತ್ತಿದ್ದ ಅಮೆರಿಕದ ವಿದ್ಯಾರ್ಥಿಗಳನ್ನು ಕುರಿತು ಎಮ್ಮಾ ಟ್ರೆಂಟ್‌ಮನ್ ಎಂಬ ಸಂಶೋಧಕಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಕಂಡದ್ದು ಇದನ್ನೇ: ಹೋಗುವ ಮುಂಚೆ ಎಣಿಸಿದಷ್ಟು ಅರಬ್ಬಿ ಅವರಿಗೆ ಸಿಗಲಿಲ್ಲ, ಇಂಗ್ಲಿಷಿನ ಬಳಕೆ ದಂಡಿಯಾಗಿತ್ತು, ಊರಿನವರ ಒಡನಾಟ ತಾನಾಗಿ ಒದಗಿ ಬರಲಿಲ್ಲ. ಹಾಗಾದರೆ ಊರು ಇದ್ದೂ ಭಾಷೆ ಸಿಗದೆ ಹೋಗುವುದು ಏಕೆ ಎಂಬುದನ್ನು ನೋಡಬೇಕು.

ಅರಬ್ಬಿಯ ಸ್ವಭಾವದಲ್ಲೇ ಇದಕ್ಕೆ ಒಂದು ಕಾರಣವಿದೆ. ಪುಸ್ತಕ, ಪತ್ರಿಕೆ, ಟಿವಿ ವಾರ್ತೆ, ಮಸೀದಿಯ ಪ್ರವಚನ ಇವುಗಳ ಅರಬ್ಬಿಗೆ ಫುಸ್‌ಹಾ ಎಂದು ಹೆಸರು. ಮನೆ, ಅಂಗಡಿ, ಬೀದಿಗಳ ಅರಬ್ಬಿ ಆಮ್ಮಿಯ್ಯ. ಒಂದೇ ಸಮಾಜ ತನ್ನ ಭಾಷೆಯ ಎರಡು ರೂಪಗಳನ್ನು ಎರಡು ಕೆಲಸಕ್ಕೆ ಹಂಚಿಟ್ಟುಕೊಳ್ಳುವ ಈ ಸ್ಥಿತಿಯನ್ನು ಭಾಷಾವಿಜ್ಞಾನಿ ಚಾರ್ಲ್ಸ್ ಫರ್ಗುಸನ್ 1959ರ ತನ್ನ ಪ್ರಸಿದ್ಧ ಲೇಖನದಲ್ಲಿ ವಿವರಿಸಿದಾಗ ಕೊಟ್ಟ ನಾಲ್ಕು ನಿದರ್ಶನಗಳಲ್ಲಿ ಅರಬ್ಬಿಯೂ ಒಂದು. ಕನ್ನಡಿಗರಿಗೆ ಇದು ತೀರ ಹೊಸದಲ್ಲ. ನಾವು ಬರೆಯುವ ಕನ್ನಡ ಒಂದು, ಆಡುವ ಕನ್ನಡ ಇನ್ನೊಂದು. ಆಡುವುದು ಧಾರವಾಡದಲ್ಲಿ, ಕುಂದಾಪುರದಲ್ಲಿ, ಚಾಮರಾಜನಗರದಲ್ಲಿ ಮತ್ತೆ ಬೇರೆ ಬೇರೆ. ಆದರೆ ಅರಬ್ಬಿಯಲ್ಲಿ ಈ ಬಿರುಕು ನಮ್ಮದಕ್ಕಿಂತ ಬಹಳ ಅಗಲ. ‘ನನಗೆ ಬೇಕು’ ಎನ್ನಲು ಫುಸ್‌ಹಾದಲ್ಲಿ ‘ಉರೀದು’, ಅಮ್ಮಾನಿನಲ್ಲಿ ‘ಬಿದ್ದಿ’, ಕೈರೋದಲ್ಲಿ ‘ಆಯಿಜ್’, ಮೊರೊಕ್ಕೊದಲ್ಲಿ ‘ಬ್ಗೀತ್’. ಅಂಗಡಿಗೆ ಹೋದ ಮೊದಲ ಗಳಿಗೆಯಲ್ಲೇ ಬೇಕಾಗುವ ಮಾತು ಇದು, ಪುಸ್ತಕದ ಮಾತು ಅಲ್ಲಿಗೆ ಸಲ್ಲುವುದಿಲ್ಲ. ‘ಉರೀದು’ ಎಂದರೆ ಅಂಗಡಿಯವನಿಗೆ ಖಂಡಿತ ಅರ್ಥವಾಗುತ್ತದೆ. ಆದರೆ ಅರಬ್ ದೇಶಗಳಲ್ಲಿ ಮಕ್ಕಳ ಕಾರ್ಟೂನುಗಳಿಗೆ ಫುಸ್‌ಹಾದಲ್ಲಿ ಮಾತು ಕೂಡಿಸುವ ರೂಢಿಯಿರುವುದರಿಂದ, ಕಾರ್ಟೂನಿನ ವೀರನೊಬ್ಬ ರೊಟ್ಟಿ ಕೊಳ್ಳಲು ಬಂದ ಹಾಗೆ ಅವನಿಗೆ ಕೇಳಿಸುತ್ತದೆ. ನಕ್ಕು, ಪ್ರೀತಿಯಿಂದಲೇ, ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾನೆ. ಅಮೆರಿಕದ ಕಾಲೇಜುಗಳಲ್ಲಿ 1995ರಿಂದ ಬಳಕೆಯಲ್ಲಿರುವ ‘ಅಲ್-ಕಿತಾಬ್’ ಪಠ್ಯಮಾಲೆಯ ವಿದ್ಯಾರ್ಥಿಗಳು ವಿಶ್ವಸಂಸ್ಥೆಗೆ ಅರಬ್ಬಿಯಲ್ಲಿ ಏನನ್ನುತ್ತಾರೆ ಎಂಬುದನ್ನು ಆರಂಭದಲ್ಲೇ ಕಲಿತುಬಿಡುತ್ತಿದ್ದರು, ಉಪ್ಪು ಕೇಳಲು ಬರುತ್ತಿರಲಿಲ್ಲ ಎಂಬುದು ಹಳೆಯ ತಮಾಷೆ. ನಂತರದ ಆವೃತ್ತಿಗಳು ಆಡುಮಾತನ್ನೂ ಜೊತೆಗೆ ತಂದುಕೊಂಡವು ಎಂಬುದನ್ನೂ ಹೇಳಬೇಕು.

ಆಡುಮಾತನ್ನೂ ಪಠ್ಯದಲ್ಲಿ ಸೇರಿಸಿದರೆ ಸಾಕಲ್ಲ, ಬಿಡಾರದ ಮಾತೇಕೆ ಎಂದು ಕೇಳಬಹುದು. ಅಮ್ಮಾನಿನ ಒಂದು ಬಾಡಿಗೆ ಮನೆಯನ್ನೇ ನೋಡಿ. ನಗರಸಭೆಯ ನೀರು ಅಲ್ಲಿ ದಿನವೂ ಬರುವುದಿಲ್ಲ. ಬಡಾವಣೆಗೊಂದು ಸರದಿ, ಸಾಮಾನ್ಯವಾಗಿ ವಾರಕ್ಕೊಮ್ಮೆ. ಆ ಹೊತ್ತಿಗೆ ತಾರಸಿಯ ಮೇಲಿನ ಟ್ಯಾಂಕು ತುಂಬಿಕೊಳ್ಳಬೇಕು, ಮುಂದಿನ ಸರದಿಯವರೆಗೆ ಅದರಲ್ಲೇ ಕಾಲ ತಳ್ಳಬೇಕು. ನಮ್ಮ ಹುಬ್ಬಳ್ಳಿ-ಧಾರವಾಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಟ್ಯಾಂಕು ಬರಿದಾದರೆ ತಪ್ಪು ಯಾರದು, ಫ್ಲೋಟ್ ವಾಲ್ವ್ ಕೆಟ್ಟಿತೋ, ಮೇಲಿನ ಮನೆಯವರು ಹೆಚ್ಚು ಬಳಸಿದರೋ, ಟ್ಯಾಂಕರ್ ತರಿಸಿದರೆ ದುಡ್ಡು ಬಾಡಿಗೆದಾರನದೋ ಮಾಲೀಕನದೋ, ಇಷ್ಟನ್ನು ಅರಬ್ಬಿಯಲ್ಲಿ ಬಗೆಹರಿಸಿಕೊಂಡವನು ಭೂತಕಾಲ, ಷರತ್ತಿನ ವಾಕ್ಯ, ಆರೋಪ, ಸಮಜಾಯಿಷಿ ಎಲ್ಲವನ್ನೂ ಒಂದೇ ಸಂಜೆ ಬಳಸಿರುತ್ತಾನೆ. ಗ್ಯಾಸ್ ಸಿಲಿಂಡರಿನ ಲಾರಿ ಬೀಥೋವನ್ನನ ‘ಫ್ಯೂರ್ ಎಲೀಸ್’ ರಾಗವನ್ನು ಧ್ವನಿವರ್ಧಕದಲ್ಲಿ ನುಡಿಸುತ್ತ ಬೀದಿ ಬೀದಿ ಸುತ್ತುತ್ತದೆ. ಅದು ಮೂಲೆ ತಿರುಗುವ ಮುಂಚೆ ಕಿಟಕಿಯಿಂದ ಕೂಗಿ ನಿಲ್ಲಿಸಬೇಕು, ಯಾವ ಮಹಡಿ ಎಂದು ಹೇಳಬೇಕು. ರೊಟ್ಟಿ ಅಂಗಡಿಯಲ್ಲಿ ರೊಟ್ಟಿ ತೂಕದ ಲೆಕ್ಕ, ಕಿಲೋಗೆ ಇಷ್ಟು. ದುಡ್ಡಿನ ವಿಷಯಕ್ಕೆ ಬಂದರೆ ಪಠ್ಯಪುಸ್ತಕ ದಿನಾರ್, ಫಿಲ್ಸ್ ಎನ್ನುತ್ತದೆ, ಸಾವಿರ ಫಿಲ್ಸಿಗೆ ಒಂದು ದಿನಾರ್. ಅಂಗಡಿಯವನು ದಿನಾರಿಗೆ ಲೇರಾ ಎನ್ನುತ್ತಾನೆ, ಅದರ ನೂರನೆಯ ಒಂದು ಪಾಲು ಒಂದು ಕಿರ್ಶ್, ಐದು ಕಿರ್ಶಿಗೆ ಶಿಲಿನ್, ಹತ್ತಕ್ಕೆ ಬರೀಜಾ. ಬ್ರಿಟಿಷರ ಷಿಲಿಂಗ್ ಹೋಗಿ ಎಷ್ಟೋ ಕಾಲವಾದರೂ ಬಾಯಲ್ಲಿ ಉಳಿದಿದೆ. 1957ರಲ್ಲಿ ಹೊಸ ಪೈಸೆ ಬಂದ ಮೇಲೂ ನಾವು ನಾಲ್ಕಾಣೆ ಎಂಟಾಣೆ ಅನ್ನುತ್ತಿರಲಿಲ್ಲವೆ, ಹಾಗೆ. ನಾಲ್ಕು ಜನ ಕೂತರೆ ಹೊರಡುವ ‘ಸರ್ವೀಸ್’ ಎಂಬ ಬಿಳಿ ಕಾರಿಗೆ ಗೊತ್ತಾದ ದಾರಿಯಿದೆ. ಹಿಂದೆ ಕೂತವನು ಚಿಲ್ಲರೆಯನ್ನು ಮುಂದಿನವನ ಕೈಯಲ್ಲಿ ದಾಟಿಸಿ, ಎಲ್ಲಿ ಇಳಿಯಬೇಕೆಂದು ತಾನೇ ಹೇಳಬೇಕು.

ಇವುಗಳಲ್ಲಿ ಒಂದೊಂದೂ ಸಣ್ಣ ವಿಷಯ. ಇವುಗಳ ಬೆಲೆ ಇರುವುದು ಮತ್ತೆ ಮತ್ತೆ ಬರುವುದರಲ್ಲಿ, ಅದೇ ಮನುಷ್ಯರೊಂದಿಗೆ ಬರುವುದರಲ್ಲಿ. ಪಾರ್ಕಿನಲ್ಲೋ ಕಾಫಿ ಅಂಗಡಿಯಲ್ಲೋ ಸಿಕ್ಕ ಅಪರಿಚಿತನೊಂದಿಗೆ ‘ಅಭ್ಯಾಸ’ಕ್ಕೆಂದು ಕೂತರೆ ಸಂಭಾಷಣೆ ಹತ್ತು ನಿಮಿಷಕ್ಕೆ ಮುಗಿಯುತ್ತದೆ: ಯಾವ ದೇಶ, ಏನು ಓದುತ್ತೀಯ, ಜೋರ್ಡಾನ್ ಹೇಗನ್ನಿಸಿತು. ಮರುದಿನ ಇನ್ನೊಬ್ಬನ ಬಳಿ ಅದೇ ಹತ್ತು ನಿಮಿಷ. ಮೂರು ತಿಂಗಳಾದ ಮೇಲೆ ವಿದ್ಯಾರ್ಥಿ ಈ ಹತ್ತು ನಿಮಿಷದಲ್ಲಿ ಮಹಾಪಂಡಿತ, ಹನ್ನೊಂದನೆಯ ನಿಮಿಷಕ್ಕೆ ಮೂಗ. ಅಪರಿಚಿತನಿಗೆ ಇವನ ತಪ್ಪನ್ನು ತಿದ್ದುವ ಗರಜೂ ಇಲ್ಲ, ‘ಮಾಶಾ ಅಲ್ಲಾ, ನಿನ್ನ ಅರಬ್ಬಿ ನನಗಿಂತ ಚೆನ್ನ’ ಎಂದು ಹೊಗಳಿ ಎದ್ದು ಹೋಗುತ್ತಾನೆ. ಮನೆ ಮಾಲೀಕ ಹಾಗೆ ಹೊಗಳಿ ಹೋಗಲಾರ. ಟ್ಯಾಂಕಿನ ವಿಷಯ ಇತ್ಯರ್ಥವಾಗಬೇಕಲ್ಲ. ವ್ಯವಹಾರವಿದ್ದಲ್ಲಿ ಮಾತು ಅರ್ಥವಾಗಲೇಬೇಕೆಂಬ ಹಟ ಎರಡೂ ಕಡೆ ಇರುತ್ತದೆ, ತಿದ್ದುವಿಕೆ ತಾನಾಗಿ ನಡೆಯುತ್ತದೆ. ಇನ್ನು ಉಪಚಾರದ ಮಾತುಗಳು. ಕೆಲಸದಲ್ಲಿರುವ ಯಾರನ್ನು ದಾಟಿ ಹೋಗುವಾಗಲೂ ‘ದೇವರು ನಿನಗೆ ಶಕ್ತಿ ಕೊಡಲಿ’ ಎಂಬರ್ಥದ ಒಂದು ಮಾತು ಹೇಳಬೇಕು, ಅವನು ಅದೇ ಧಾತುವಿನ ಇನ್ನೊಂದು ರೂಪದಲ್ಲಿ ಮರುಮಾತು ಕೊಡುತ್ತಾನೆ. ಕ್ಷೌರ ಮುಗಿಸಿ ಎದ್ದವನಿಗೆ ‘ನಯೀಮನ್’ ಎನ್ನಬೇಕು, ಅದಕ್ಕೂ ಜೋಡಿ ಉತ್ತರ ಸಿದ್ಧವಿದೆ. ಇಂಥ ಜೋಡಿಮಾತುಗಳ ಕಟ್ಟಣೆಯ ಮೇಲೆ ಫರ್ಗುಸನ್ನನೇ 1967ರಲ್ಲಿ ಸಿರಿಯಾದ ಅರಬ್ಬಿಯನ್ನಿಟ್ಟುಕೊಂಡು ಬೇರೆಯೇ ಲೇಖನ ಬರೆದಿದ್ದಾನೆ. ಹಣ ಕೊಡಲು ಹೋದಾಗ ಅಂಗಡಿಯವನು ‘ಇರಲಿ, ನಮ್ಮ ಲೆಕ್ಕಕ್ಕೆ ಬಿಡಿ’ ಎನ್ನುತ್ತಾನೆ. ಅದನ್ನು ನಿಜವೆಂದುಕೊಂಡು ಹೊರಟುಬಿಡಬಾರದು, ಒತ್ತಾಯ ಮಾಡಿ ಕೊಡಬೇಕು. ಎಷ್ಟು ಸಲ ಒತ್ತಾಯಿಸಬೇಕು, ಯಾವ ದನಿಯಲ್ಲಿ ಎಂಬುದನ್ನು ಪಾಠದ ಕೋಣೆಯಲ್ಲಿ ಕಲಿಸಲಾಗದು. ‘ಊಟಕ್ಕೆ ಏಳಿ’ ಎಂದು ನಮ್ಮಲ್ಲಿ ಕರೆದಾಗ ಅದು ಬಾಯುಪಚಾರವೋ ನಿಜವಾದ ಕರೆಯೋ ಎಂದು ಪರಭಾಷೆಯವನಿಗೆ ಹೇಗೆ ಬಿಡಿಸಿ ಹೇಳುತ್ತೀರಿ?

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ, ಬಲವಾದದ್ದೇ. ಆಮ್ಮಿಯ್ಯ ಊರಿಗೊಂದು, ಅಮ್ಮಾನಿನಲ್ಲಿ ಕಲಿತದ್ದು ಮೊರೊಕ್ಕೊದ ರಬಾತ್‌ನಲ್ಲಿ ನಡೆಯದು. ಫುಸ್‌ಹಾವಾದರೋ ಎಲ್ಲ ಅರಬ್ ದೇಶಗಳಿಗೂ ಒಂದೇ, ಸಾವಿರದ ಮುನ್ನೂರು ವರ್ಷಕ್ಕೂ ಮೀರಿದ ಸಾಹಿತ್ಯದ ಕೀಲಿಕೈ, 1973ರಿಂದ ವಿಶ್ವಸಂಸ್ಥೆಯ ಅಧಿಕೃತ ಭಾಷೆಗಳಲ್ಲೊಂದು. ಇದನ್ನು ಬಿಟ್ಟು ಗ್ಯಾಸ್ ಮಾರುವವನ ಮಾತಿಗೆ ವರ್ಷ ಕಳೆಯುವುದು ಯಾವ ಬುದ್ಧಿವಂತಿಕೆ? ಫುಸ್‌ಹಾ ಬಿಡಿ ಎಂದು ನಾನು ಹೇಳುತ್ತಿಲ್ಲ. ಅದಿಲ್ಲದವನು ಅರಬ್ ಜಗತ್ತಿನಲ್ಲಿ ನಿರಕ್ಷರಿ. ರಷ್ಯಾಕ್ಕೆ ಹೋದ ಅಮೆರಿಕದ ವಿದ್ಯಾರ್ಥಿಗಳ ಬಗ್ಗೆ ಬ್ರೆಕ್ಟ್, ಡೇವಿಡ್‌ಸನ್, ಗಿನ್ಸ್‌ಬರ್ಗ್ ಎಂಬ ಮೂವರು 1990ರ ದಶಕದಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ, ವ್ಯಾಕರಣವನ್ನೂ ಓದನ್ನೂ ಗಟ್ಟಿ ಮಾಡಿಕೊಂಡು ಹೋದವರೇ ಅಲ್ಲಿ ಮಾತಿನಲ್ಲೂ ಹೆಚ್ಚು ಮುಂದುವರಿದರು ಎಂದು ಕಂಡುಬಂತು. ಆದರೆ ಅದರ ಅರ್ಥ, ವ್ಯಾಕರಣ ಮನೆಯಲ್ಲೇ ಆಗಬಹುದಾದ ಕೆಲಸ ಎಂದು. ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಕೂತು ಕಲಿಯಬಹುದಾದದ್ದನ್ನು ಕಲಿಯಲು ಅಮ್ಮಾನಿನವರೆಗೆ ಹೋಗಿ ಬಾಡಿಗೆ ಕಟ್ಟಬೇಕೆ? ಇನ್ನು ಆಡುಮಾತಿನ ಮೇಲಿನ ತಾತ್ಸಾರ. ಅರಬ್ಬಿ ವಿದ್ವತ್ತಿನ ಮೂಲದಲ್ಲೇ ಈ ತಾತ್ಸಾರ ಇರಲಿಲ್ಲ. ಎಂಟನೆಯ ಶತಮಾನದ ಬಸ್ರಾದ ವೈಯಾಕರಣರು ಶುದ್ಧ ರೂಪಗಳನ್ನು ಹುಡುಕಿದ್ದು ಊರಾಚೆಯ ಮಿರ್ಬದ್ ಸಂತೆಗೆ ಬರುತ್ತಿದ್ದ ಬೆದುವೀನರ ಬಾಯಲ್ಲಿ. ಅರಬ್ಬಿ ವ್ಯಾಕರಣದ ಆದಿಗ್ರಂಥ ಬರೆದ ಸೀಬವೈಹಿ ಹುಟ್ಟಿನಿಂದ ಪರ್ಷಿಯದವನು. ಕೈರೋದ ಅಲ್-ಅಜ್‌ಹರ್ ವಿದ್ಯಾಪೀಠದಲ್ಲಿ ಕಲಿತು ಅಲ್ಲೇ ಪಾಠ ಹೇಳಿದ ಶೇಖ್ ಮುಹಮ್ಮದ್ ಅಯ್ಯಾದ್ ತಂತಾವಿ 1840ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿಗೆ ಅರಬ್ಬಿ ಕಲಿಸಲು ಹೋದವರು. 1848ರಲ್ಲಿ ಅವರು ಪರದೇಶಿಯರಿಗಾಗಿ ಪ್ರಕಟಿಸಿದ್ದು ಆಡುಮಾತಿನ ಅರಬ್ಬಿಯ ಪುಸ್ತಕವನ್ನು. 1825ರಲ್ಲಿ ಕೈರೋಗೆ ಬಂದ ಇಂಗ್ಲಿಷ್ ವಿದ್ವಾಂಸ ಎಡ್ವರ್ಡ್ ಲೇನ್ ಸ್ಥಳೀಯರ ಉಡುಪು ತೊಟ್ಟು, ಅವರ ನಡುವೆ ಮನೆ ಮಾಡಿ, ಅಂಗಡಿ, ಸ್ನಾನಗೃಹ, ಮದುವೆಮನೆಗಳ ಬದುಕನ್ನು ಬರೆದದ್ದು 1836ರ ಪುಸ್ತಕ. ಅದೇ ಲೇನ್ ಮುಂದೆ 1863ರಿಂದ ಹೊರತಂದ ನಿಘಂಟು ಅಪ್ಪಟ ಶಾಸ್ತ್ರೀಯ ಅರಬ್ಬಿಯದು, ಇಂದಿಗೂ ವಿದ್ವಾಂಸರು ತೆರೆಯುವ ಪುಸ್ತಕ. ಬೀದಿಯ ಮಾತು ಅವನ ಫುಸ್‌ಹಾವನ್ನು ಕೆಡಿಸಲಿಲ್ಲ.

ಎರಡನೆಯ ಆಕ್ಷೇಪ ನಮ್ಮ ಮನೆಬಾಗಿಲಿನಿಂದಲೇ ಏಳುತ್ತದೆ, ನನಗೆ ಹೆಚ್ಚು ಗಂಭೀರವಾಗಿ ಕಾಣುವುದೂ ಅದೇ. ದಕ್ಷಿಣ ಕನ್ನಡ, ಉಡುಪಿ, ಭಟ್ಕಳದ ಕಡೆಯ ಜನ 1970ರ ದಶಕದ ತೈಲದ ದಿನಗಳಿಂದ ದುಬೈ, ಕುವೈತ್, ದಮ್ಮಾಮ್, ದೋಹಾಗಳಲ್ಲಿ ದುಡಿಯುತ್ತಿದ್ದಾರೆ. ಬಿಡಾರ ಹೂಡುವುದೇ ಪಾಠವಾದರೆ ಇಪ್ಪತ್ತು ವರ್ಷ ಅಲ್ಲಿದ್ದವರು ಅರಬ್ಬಿ ಪಂಡಿತರಾಗಬೇಕಿತ್ತಲ್ಲ? ಆಗಿಲ್ಲ. ಅವರಲ್ಲಿ ಬಹುಮಂದಿಗೆ ಬರುವುದು ‘ಫೀ’, ‘ಮಾಫೀ’ಗಳ ಮೇಲೆ ನಿಂತ, ಕ್ರಿಯಾಪದಕ್ಕೆ ಒಂದೇ ರೂಪ ಇಟ್ಟುಕೊಂಡ ಒಂದು ತುಂಡರಬ್ಬಿ. ಜೆ. ಆರ್. ಸ್ಮಾರ್ಟ್ 1990ರಲ್ಲೇ ಇದರ ಬಗ್ಗೆ ಬರೆದರು. ಭಾಷಾವಿಜ್ಞಾನಿಗಳು ಇದನ್ನು ಕೊಲ್ಲಿಯ ಪಿಜಿನ್ ಎಂದು ಗುರುತಿಸುತ್ತಾರೆ. ಇದು ದುಡಿಯುವವರ ದಡ್ಡತನವೆಂದು ಯಾರಾದರೂ ಅಂದರೆ ಅದು ಅನ್ಯಾಯ. ಅಲ್ಲಿನ ಯಜಮಾನನೂ ಅವರೊಂದಿಗೆ ಆಡುವುದು ಇದೇ ತುಂಡು ಭಾಷೆ. ಪೂರ್ತಿ ಅರಬ್ಬಿ ಕಿವಿಗೆ ಬೀಳುವ ಸಂದರ್ಭವೇ ಕಡಿಮೆ. ವಸತಿ ಸಹದೇಶೀಯರ ಜೊತೆ, ಊಟ ಸಹದೇಶೀಯರ ಮೆಸ್ಸಿನಲ್ಲಿ, ಸಂಬಂಧ ಅಪ್ಪಣೆ ಕೊಡುವವನದು ಮತ್ತು ಪಾಲಿಸುವವನದು. ಪಿಜಿನ್ ಹುಟ್ಟಿದ್ದು ಅವರು ಅಲ್ಲಿ ನೆಲೆ ನಿಂತದ್ದರಿಂದಲ್ಲ, ನೆಲೆ ನಿಲ್ಲಲು ಬಿಡದ್ದರಿಂದ. ಹಾಗಾಗಿ ಈ ನಿದರ್ಶನ ನನ್ನ ವಾದವನ್ನು ಮುರಿಯುವುದಿಲ್ಲ, ಅದಕ್ಕೆ ಒಂದು ಷರತ್ತು ಹಾಕುತ್ತದೆ: ಒಡನಾಟ ಸರಿಸಮದ್ದಾಗಿರಬೇಕು, ನೆರೆಯವನೊಂದಿಗೆ ನೆರೆಯವನದಾಗಿರಬೇಕು. ವಿದ್ಯಾರ್ಥಿಗೆ ಆ ಭಾಗ್ಯವಿದೆ, ಕೂಲಿಗೆ ಹೋದವನಿಗೆ ಬಹುಮಟ್ಟಿಗೆ ಇರಲಿಲ್ಲ. ಇದೇ ಕರಾವಳಿಯ ಮದರಸಾಗಳಲ್ಲಿ ಬಾಲ್ಯದಿಂದ ಅರಬ್ಬಿ ಅಕ್ಷರ ಕಲಿತು ಕುರ್‌ಆನನ್ನು ನಿರರ್ಗಳವಾಗಿ ಓದುವ ಎಷ್ಟೋ ಜನ, ಒಂದು ಲೋಟ ಚಹಾ ಕೇಳುವ ಅರಬ್ಬಿ ಕಲಿತಿರುವುದಿಲ್ಲ. ಒಂದೇ ಮನೆಯಲ್ಲಿ ಅಣ್ಣನ ಬಳಿ ಸಂತೆಯ ಅರಬ್ಬಿ, ತಮ್ಮನ ಬಳಿ ಗ್ರಂಥದ ಅರಬ್ಬಿ ಇರುವುದುಂಟು. ಎರಡನ್ನೂ ಒಬ್ಬನಲ್ಲೇ ಕೂಡಿಸುವ ಅವಕಾಶ ವಿದ್ಯಾರ್ಥಿಯದು.

ಅಮ್ಮಾನಿನಂಥ ಊರಿನಲ್ಲಿ ಎಲ್ಲರೂ ಇಂಗ್ಲಿಷಿಗೆ ತಿರುಗಿಬಿಡುತ್ತಾರಲ್ಲ ಎಂಬುದು ಮೂರನೆಯ ಮಾತು. ಪಶ್ಚಿಮ ಅಮ್ಮಾನಿನ ಶ್ರೀಮಂತ ಬಡಾವಣೆಗಳಲ್ಲಿ ಇದು ನಿಜ. ಹಾಗಿದ್ದರೆ ಮನೆಯನ್ನು ಅಲ್ಲಿ ಹಿಡಿಯಬೇಡಿ ಎಂಬುದೇ ಉತ್ತರ. ಹಳೆಯ ಪೇಟೆಯಾದ ಬಲದ್‌ಗೆ ಹತ್ತಿರದ ಗುಡ್ಡಗಳಲ್ಲಿ ಕಾವಲುಗಾರನಿಗೂ ದರ್ಜಿಗೂ ಇಂಗ್ಲಿಷಿಗೆ ಹೊರಳುವ ಚಪಲವಿಲ್ಲ. ಇಲ್ಲಿ ಅಮ್ಮಾನಿನ ಇನ್ನೊಂದು ವಿಶೇಷವನ್ನು ಹೇಳಲೇಬೇಕು. ಅಲ್ಲಿ ‘ಸ್ಥಳೀಯರು’ ಎಂದರೆ ಯಾರು? 1878ರ ಹೊತ್ತಿಗೆ ಕಾಕಸಸ್ ಕಡೆಯಿಂದ ಬಂದು ನೆಲೆಸಿದ ಸರ್ಕಾಸಿಯನ್ನರ ಹಳ್ಳಿಯಾಗಿದ್ದ ಊರು ಅದು, 1921ರಲ್ಲಿ ಟ್ರಾನ್ಸ್‌ಜೋರ್ಡಾನ್ ಸಂಸ್ಥಾನ ಹುಟ್ಟಿದ ಮೇಲೆ ರಾಜಧಾನಿಯಾಗಿ ಬೆಳೆಯಿತು. ಸಾಲ್ಟ್ ಕಡೆಯಿಂದ, ನಾಬ್ಲುಸ್ ಕಡೆಯಿಂದ ಜನ ಬಂದರು. 1948 ಮತ್ತು 1967ರಲ್ಲಿ ಪ್ಯಾಲೆಸ್ತೀನಿಯರು, 2003ರ ನಂತರ ಇರಾಕಿಗಳು, 2011ರ ನಂತರ ಸಿರಿಯನ್ನರು. ಅನೇಕ ಕಟ್ಟಡಗಳ ಕಾವಲುಗಾರರು ಈಜಿಪ್ಟಿನವರು. ಎನಾಮ್ ಅಲ್-ವೆರ್ ಎಂಬ ಭಾಷಾವಿಜ್ಞಾನಿ ತೋರಿಸಿರುವಂತೆ, ಅಮ್ಮಾನಿನ ಆಡುಮಾತು ಎಂಬುದೇ ಮೂರು ತಲೆಮಾರುಗಳಲ್ಲಿ, ಬೇರೆ ಬೇರೆ ಕಡೆಯಿಂದ ಬಂದವರ ಮಕ್ಕಳು ಮೊಮ್ಮಕ್ಕಳ ಬಾಯಲ್ಲಿ ಹದಗೊಂಡದ್ದು. ಒಂದೇ ವ್ಯಂಜನವನ್ನು ಗಂಡಸರು ಒಂದು ಬಗೆ, ಹೆಂಗಸರು ಇನ್ನೊಂದು ಬಗೆ ಉಚ್ಚರಿಸುವುದೂ ಆ ಬೆರಕೆಯ ಫಲ. ಬಿಡಾರ ಹೂಡುತ್ತಲೇ ಭಾಷೆ ಕಟ್ಟಿಕೊಂಡ ಊರು ಅದು. ಹೊಸಬನ ತಡವರಿಕೆ ಅಲ್ಲಿ ಯಾರಿಗೂ ವಿಚಿತ್ರವಾಗಿ ಕಾಣಬೇಕಾದ್ದಿಲ್ಲ.

ಹೆಣ್ಣುಮಕ್ಕಳ ವಿಷಯವನ್ನು ಮಾತ್ರ ಹಾರಿಕೆಯಲ್ಲಿ ಹೇಳಿ ಮುಗಿಸುವಂತಿಲ್ಲ. ಬೀದಿಯ ಕಿರುಕುಳ ಇದೆ, ಗಂಡಸರೇ ತುಂಬಿದ ಕಾಫಿ ಅಂಗಡಿಯಲ್ಲಿ ಕೂರುವುದು ಹಿತವಲ್ಲ, ಸಲಿಗೆಯ ಮಾತು ತಪ್ಪು ಅರ್ಥಕ್ಕೆ ಎಡೆಯಾಗುತ್ತದೆ. ‘ಯಾರೊಂದಿಗಾದರೂ ಹೋಗಿ ಮಾತಾಡು’ ಎಂದು ವಿದ್ಯಾರ್ಥಿನಿಗೆ ಉಪದೇಶ ಮಾಡುವ ಶಿಕ್ಷಕರು ಇದನ್ನು ಯೋಚಿಸಿರುವುದಿಲ್ಲ. ಅಪರಿಚಿತರೊಡನೆ ಅಭ್ಯಾಸ ಎಂಬ ಪದ್ಧತಿ ಅವಳಿಗೆ ಅನುಕೂಲವಲ್ಲ ಎನ್ನುವುದು ಆ ಪದ್ಧತಿಯ ವಿರುದ್ಧ ನನ್ನ ಇನ್ನೊಂದು ಸಾಕ್ಷ್ಯ. ನೆರೆಮನೆಯ ದಾರಿ ಅವಳಿಗೆ ತೆರೆದಿದೆ, ಅದೂ ಗಂಡಸಿಗೆ ಎಂದೂ ತೆರೆಯದಷ್ಟು ಒಳಗಿನವರೆಗೆ. ಮಾಲೀಕನ ಹೆಂಡತಿಯ ಅಡುಗೆಮನೆಯಲ್ಲಿ ದ್ರಾಕ್ಷಿ ಎಲೆಗೆ ಅಕ್ಕಿ ಸುತ್ತುತ್ತ ಕೂತ ಎರಡು ತಾಸಿನಲ್ಲಿ ಅವಳ ಕಿವಿಗೆ ಬೀಳುವ ಅರಬ್ಬಿ ಯಾವ ಕಾಫಿ ಅಂಗಡಿಯಲ್ಲೂ ಸಿಗದು. ಗಂಡು ವಿದ್ಯಾರ್ಥಿಗೆ ಹೊಸ್ತಿಲಿನವರೆಗಷ್ಟೇ ಪ್ರವೇಶ. ಅವನಿಗೆ ಅಂಗಡಿ ಬೀದಿಯೇ ಗತಿ. ಇಬ್ಬರಿಗೂ ಅರ್ಧರ್ಧ ಭಾಷೆ, ಎರಡೂ ಅರ್ಧಗಳಿಗೆ ಬಾಗಿಲು ವ್ಯವಹಾರವೇ.

ಫೋನಿನಲ್ಲೇ ಅರಬ್ಬಿ ಮೇಷ್ಟರು ಸಿಗುವ ಕಾಲದಲ್ಲಿ ಇಷ್ಟೆಲ್ಲ ಏಕೆ ಎನ್ನುವವರಿಗೆ ಹೇಳುವುದು ಒಂದೇ: ದುಡ್ಡು ಕೊಟ್ಟು ಗೊತ್ತು ಮಾಡಿದ ಮೇಷ್ಟರು ನಿಮ್ಮ ಅರ್ಧ ವಾಕ್ಯವನ್ನು ತಾವೇ ಪೂರ್ತಿ ಮಾಡಿಕೊಳ್ಳುತ್ತಾರೆ. ಗ್ಯಾಸ್ ಲಾರಿಯವನು ಪೂರ್ತಿ ಮಾಡುವುದಿಲ್ಲ, ಮುಂದಿನ ಬೀದಿಗೆ ಹೋಗುತ್ತಾನೆ.

ಅರಬ್ ದೇಶಗಳಿಗೆ ಓದಲು ಹೊರಟಿರುವ ವಿದ್ಯಾರ್ಥಿಗಳಲ್ಲಿ, ಅವರನ್ನು ಕಳುಹಿಸುವ ತಂದೆತಾಯಿಯರಲ್ಲಿ ಮತ್ತು ಶಿಕ್ಷಕರಲ್ಲಿ ನನ್ನ ಕೋರಿಕೆ ಇಷ್ಟೇ. ಹೊರಡುವ ಮುಂಚೆ ಲಿಪಿ, ಧಾತು, ವ್ಯಾಕರಣ, ಒಂದು ಸಾವಿರ ಶಬ್ದ ಇಲ್ಲೇ ಗಟ್ಟಿಯಾಗಲಿ, ಜೊತೆಗೆ ಹೋಗುವ ಊರಿನ ಆಡುಮಾತಿನ ಪರಿಚಯವೂ ಇರಲಿ. ಹೋದ ಮೇಲೆ ಮೊದಲ ವಾರ ಎಲ್ಲಾದರೂ ತಂಗಿ, ಮನೆಯನ್ನು ಅಲ್ಲೇ ಓಡಾಡಿ ಹುಡುಕಲಿ. ಮೊದಲ ತಿಂಗಳು ತರಗತಿಯ ಹೊರೆ ಅರ್ಧಕ್ಕಿಳಿಸಿ. ಕನ್ನಡಿಗರೇ ಇರುವ ಕೋಣೆ ಸಿಗುತ್ತದೆಂದು ಯಾರಾದರೂ ಅಕ್ಕರೆಯಿಂದ ಹೇಳಿದರೆ, ಅವರ ವಿಳಾಸ ಬರೆದಿಟ್ಟುಕೊಂಡು ಹಬ್ಬಕ್ಕೆ ಹೋಗಿ ಬನ್ನಿ, ಇರಲು ಬೇಡ. ಬಾಡಿಗೆ ಕರಾರನ್ನು ಏಜೆಂಟನ ಕೈಗೆ ಕೊಡದೆ ಮಾಲೀಕನ ಎದುರು ಕೂತು ಒಂದೊಂದು ಸಾಲನ್ನೂ ಅರಬ್ಬಿಯಲ್ಲೇ ಕೇಳಿ ತಿಳಿದು ಸಹಿ ಹಾಕಿ. ಕರಾರು ಫುಸ್‌ಹಾದಲ್ಲಿರುತ್ತದೆ, ಅದರ ಬಗ್ಗೆ ನಡೆಯುವ ಚರ್ಚೆ ಆಮ್ಮಿಯ್ಯದಲ್ಲಿರುತ್ತದೆ.